ಜಗತ್ತಿನ ಮೊದಲ ಸಿನಿಮಾ ಯಾವುದು? ಕ್ವಿಜ್‌ಗೆ ಒಂದೇ ಉತ್ತರ ಬೇಕು

ಕ್ವಿಜ್‌ಮೇಷ್ಟ್ರು:
ನಮ್ಮ ಬಡಾವಣೆಯ ಕನ್ನಡ ಸಂಘದ ಕ್ವಿಜ್‌ಗೆ ಸಿನಿಮಾ ಸುತ್ತಿನ ಪ್ರಶ್ನೆ ಬರೆಯುತ್ತಿದ್ದೇನೆ. ಮೊದಲನೇ ಪ್ರಶ್ನೆಯಲ್ಲೇ ಸಿಕ್ಕಿಕೊಂಡೆ. ಒಂದು ಪುಸ್ತಕದಲ್ಲಿ ಲ್ಯೂಮಿಯೇರ್ ಸಹೋದರರು, 1895 ಅಂತಿದೆ. ಇನ್ನೊಂದರಲ್ಲಿ ಎಡಿಸನ್. ಇಂಟರ್ನೆಟ್‌ನಲ್ಲಿ ನೋಡಿದರೆ 1888ರ ಯಾವುದೋ ತೋಟದ ದೃಶ್ಯವಂತೆ, ಎರಡು ಸೆಕೆಂಡಂತೆ. ಎರಡು ಸೆಕೆಂಡಿನದ್ದನ್ನು ಸಿನಿಮಾ ಅಂತ ಕರೆಯಬಹುದಾ? ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಜಗಳಕ್ಕೆ ಬರುತ್ತಾರೆ ಸ್ವಾಮಿ. ಒಂದೇ ಉತ್ತರ ಹೇಳಿ, ಪುಣ್ಯ ಕಟ್ಟಿಕೊಳ್ಳಿ.

ಮಂಡ್ಯದ ಹೈದ:
ಲ್ಯೂಮಿಯೇರ್ ಅಂತ ಬರೆದು ಮುಗಿಸಿ ಗುರು. ಪಿಯುಸಿಯಿಂದ ಕೆಎಎಸ್‌ವರೆಗೆ ಎಲ್ಲ ಕಡೆ ಅದೇ ಉತ್ತರ.

ಹಳೇ ರೀಲು:
ಮೇಷ್ಟ್ರೇ, ಒಂದೇ ಉತ್ತರ ಸಿಗುವುದಿಲ್ಲ. ತಪ್ಪು ನಿಮ್ಮದಲ್ಲ, ಪ್ರಶ್ನೆಯದ್ದು. ‘ಮೊದಲ ಸಿನಿಮಾ’ ಅಂದರೆ ಮೊದಲು ಕ್ಯಾಮೆರಾದಲ್ಲಿ ಹಿಡಿದದ್ದೋ, ಮೊದಲು ಪರದೆ ಮೇಲೆ ಬಿಟ್ಟದ್ದೋ, ಮೊದಲು ದುಡ್ಡು ತಗೊಂಡು ತೋರಿಸಿದ್ದೋ? ಮೂರಕ್ಕೂ ಮೂರು ಬೇರೆ ಹೆಸರು ಬರುತ್ತವೆ. ನಾಲ್ಕನೆಯದೂ ಒಂದಿದೆ. ಅದನ್ನು ಯಾರೂ ಹೇಳುವುದಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಇವತ್ತಿಗೆ ಉಳಿದಿರುವುದರಲ್ಲಿ ಮೊದಲನೆಯದು ಯಾವುದು?

ತೋಟದ ದೃಶ್ಯದಿಂದಲೇ ಶುರು ಮಾಡೋಣ. ಅದನ್ನು ತೆಗೆದವನು ಲೂಯಿ ಲೆ ಪ್ರಿನ್ಸ್ ಎಂಬ ಫ್ರೆಂಚ್‌ನವನು. ಊರು ಇಂಗ್ಲೆಂಡಿನ ಲೀಡ್ಸ್, ಅಲ್ಲಿ ರೌಂಡ್‌ಹೇ ಅನ್ನುವ ಬಡಾವಣೆ, ಅವನ ಹೆಂಡತಿಯ ತವರುಮನೆಯ ತೋಟ. ದಿನಾಂಕ 1888ರ ಅಕ್ಟೋಬರ್ 14. ನಾಲ್ಕು ಜನ ಸುಮ್ನೆ ಸುತ್ತಾಡುತ್ತಾರೆ, ಒಬ್ಬರು ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ, ಒಬ್ಬರ ಕೋಟಿನ ತುದಿ ಹಾರುತ್ತದೆ, ಅಷ್ಟೇ. ಉಳಿದಿರುವುದು 20 ಬಿಡಿಚಿತ್ರ. ಇನ್ನೂ ಸೆಲ್ಯುಲಾಯ್ಡ್ ಫಿಲಂ ಅವನ ಕೈಗೆ ಬಂದಿರಲಿಲ್ಲ, ಈಸ್ಟ್‌ಮನ್ ಕಂಪನಿಯ ಕಾಗದದ ಸುರುಳಿ ಮೇಲೆ ತೆಗೆದದ್ದು. ಈ ದಿನಾಂಕ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಇನ್ನೊಂದು ಕಾರಣವಿದೆ: ಅದರಲ್ಲಿ ಕಾಣುವ ಅವನ ಅತ್ತೆ ಸಾರಾ ವಿಟ್ಲಿ ಹತ್ತೇ ದಿನಕ್ಕೆ, ಅಕ್ಟೋಬರ್ 24ಕ್ಕೆ ತೀರಿಕೊಂಡರು. ಅದಾದ ಮೇಲೆ ತೆಗೆದಿರಲು ಸಾಧ್ಯವೇ ಇಲ್ಲವಲ್ಲ.

ಕಾಫಿಪುಡಿ:
ಹಾಗಾದರೆ ಲೆ ಪ್ರಿನ್ಸ್ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ? ಫ್ರೆಂಚ್‌ನವರೇ ಅವನನ್ನು ಹೊತ್ತು ಮೆರೆಸಬೇಕಿತ್ತು ಅಲ್ವಾ?

ಹಳೇ ರೀಲು:
ಮೆರೆಸಲು ಮನುಷ್ಯನೇ ಇರಲಿಲ್ಲ. 1890ರ ಸೆಪ್ಟೆಂಬರ್ 16ರಂದು ಅಣ್ಣನನ್ನು ನೋಡಿಕೊಂಡು ದೀಜೋಂ ಊರಿನಲ್ಲಿ ಪ್ಯಾರಿಸ್ ರೈಲು ಹತ್ತಿದವನು ಪ್ಯಾರಿಸ್‌ನಲ್ಲಿ ಇಳಿಯಲೇ ಇಲ್ಲ. ಹೆಣವೂ ಸಿಗಲಿಲ್ಲ, ಪೆಟ್ಟಿಗೆಯೂ ಸಿಗಲಿಲ್ಲ. ಅಮೆರಿಕಕ್ಕೆ ಹೋಗಿ ಜನರಿಗೆ ತೋರಿಸಬೇಕು ಅಂತ ಇದ್ದವನು. ಎಡಿಸನ್ ಕೊಲ್ಲಿಸಿದ ಅಂತ ಕಥೆ ಕಟ್ಟುವವರಿದ್ದಾರೆ. ಅದಕ್ಕೆ ಪುರಾವೆ ಕಾಸಿನಷ್ಟೂ ಇಲ್ಲ, ನಾನಂತೂ ನಂಬುವುದಿಲ್ಲ. ಆದರೆ ಮುಂದೆ 1898ರಲ್ಲಿ ಎಡಿಸನ್ ಪೇಟೆಂಟ್ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ನಡೆದಾಗ ಲೆ ಪ್ರಿನ್ಸ್ ಮಗ ಅಡಾಲ್ಫ್ ಸಾಕ್ಷಿ ಹೇಳಿದ. ತೋಟದ ದೃಶ್ಯದಲ್ಲಿ ಓಡಾಡುವ ಹುಡುಗ ಇವನೇ. ಅಪ್ಪನ ಕ್ಯಾಮೆರಾಗಳನ್ನು ಮಾತ್ರ ಕೋರ್ಟಿನಲ್ಲಿ ತೋರಿಸಲು ಬಿಡಲಿಲ್ಲ. ಒಂದೇ ಲೆನ್ಸಿನ ಆ ಕ್ಯಾಮೆರಾ ಈಗ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಮ್ಯೂಸಿಯಂನಲ್ಲಿದೆ. ಮರದ ದೊಡ್ಡ ಪೆಟ್ಟಿಗೆ.

ಬಾಲ್ಕನಿ ಟಿಕೆಟ್:
ಕುದುರೆಯನ್ನು ಮರೆತುಬಿಟ್ಟಿರಲ್ಲ! 1878, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ, ಫೋಟೋಗ್ರಾಫರ್ ಮೈಬ್ರಿಜ್. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೇ ನೆಲ ಬಿಡುತ್ತವಾ ಇಲ್ಲವಾ ಅಂತ ಕುದುರೆ ಸಾಕಿದ್ದ ಶ್ರೀಮಂತ ಲೇಲಂಡ್ ಸ್ಟ್ಯಾನ್‌ಫರ್ಡ್‌ಗೆ ಗೊತ್ತಾಗಬೇಕಿತ್ತು. ಸಾಲಾಗಿ 12 ಕ್ಯಾಮೆರಾ ಇಟ್ಟು, ಓಡುವ ದಾರಿಗೆ ಅಡ್ಡ ದಾರ ಕಟ್ಟಿ, ಕುದುರೆ ದಾರ ಹರಿದ ಹಾಗೆಲ್ಲ ಒಂದೊಂದು ಫೋಟೋ ಬೀಳುವ ಹಾಗೆ ಮಾಡಿದರು. ಬಿಡುತ್ತವೆ ಅಂತ ಗೊತ್ತಾಯಿತು.

ಲೆನ್ಸ್ ಅಣ್ಣ:
ಅದು ಸಿನಿಮಾ ಅಲ್ಲ, ಫೋಟೋ ಸಾಲು. ಒಂದೊಂದು ಚಿತ್ರಕ್ಕೂ ಬೇರೆ ಕ್ಯಾಮೆರಾ. ಒಂದೇ ಕಣ್ಣಿನಿಂದ ನೋಡಬೇಕು ಅನ್ನುವವರಿಗೆ ಎತಿಯೆನ್-ಜೂಲ್ ಮರೆ ಮುಖ್ಯ. 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದ, ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಹಾರುವ ಹಕ್ಕಿಗೆ ಗುರಿ ಇಟ್ಟು ಕುದುರೆ ಒತ್ತುವುದು. (ಈ ಕುದುರೆ ಬೇರೆ!) ಆದರೆ ಮರೆಗೆ ಜನರನ್ನು ರಂಜಿಸುವ ಉಸಾಬರಿ ಬೇಕಿರಲಿಲ್ಲ. ಆತ ದೇಹದ ಚಲನೆಯನ್ನು ಅಳೆಯುತ್ತಿದ್ದ ವಿಜ್ಞಾನಿ.

ಮಂಡ್ಯದ ಹೈದ:
ಸರಿ, ತೆಗೆದವರೆಲ್ಲ ಮುಂಚೆ ಇದ್ದರು ಅಂತ ಒಪ್ಪೋಣ. ಪರದೆ ಮೇಲೆ ದುಡ್ಡಿಗೆ ತೋರಿಸಿದ ಮೊದಲಿಗರು ಲ್ಯೂಮಿಯೇರ್ ತಾನೇ? ಅದನ್ನಾದರೂ ಬಿಡಿ.

ಹಳೇ ರೀಲು:
ಅದನ್ನೂ ಬಿಡುವ ಹಾಗಿಲ್ಲ ಹೈದ. 1895ರ ಮೇ 20ರಂದು ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ಲೇಥಮ್ ಕುಟುಂಬದವರು ಐಡೋಲೋಸ್ಕೋಪ್ ಎಂಬ ಯಂತ್ರದಲ್ಲಿ ಒಂದು ಬಾಕ್ಸಿಂಗ್ ಪಂದ್ಯ ತೋರಿಸಿ ದುಡ್ಡು ತಗೊಂಡಿದ್ದರು. ನವೆಂಬರ್ 1ಕ್ಕೆ ಬರ್ಲಿನ್‌ನ ವಿಂಟರ್‌ಗಾರ್ಟನ್‌ನಲ್ಲಿ ಸ್ಕ್ಲಾಡನೋವ್ಸ್ಕಿ ಅಣ್ಣತಮ್ಮಂದಿರು ಬಯೋಸ್ಕೋಪ್ ಎಂಬ ತಮ್ಮ ಯಂತ್ರದಲ್ಲಿ ಚಿತ್ರ ತೋರಿಸಿದರು. ಲ್ಯೂಮಿಯೇರ್ ಟಿಕೆಟ್ ಪ್ರದರ್ಶನ ಡಿಸೆಂಬರ್ 28ಕ್ಕೆ. ಅಂದರೆ ಇವರಿಬ್ಬರೂ ತೋರಿಸಿ ಆದ ಮೇಲೆ.

ಮಂಡ್ಯದ ಹೈದ:
ಹೋಗ್ಲಿ ಬಿಡಿ, ನಮ್ಮ ಪಠ್ಯಪುಸ್ತಕವೇ ಸುಳ್ಳು ಅನ್ನಿ.

ಲೆನ್ಸ್ ಅಣ್ಣ:
ಸುಳ್ಳಲ್ಲ ಮಾರಾಯ. ತಾರೀಖಿನಲ್ಲಿ ಹಿಂದೆ, ಯಂತ್ರದಲ್ಲಿ ಮುಂದೆ. ನಾನು ಪ್ರೊಜೆಕ್ಟರ್ ರಿಪೇರಿ ಮಾಡಿಕೊಂಡು ಬದುಕಿದವನು, ಅದಕ್ಕೇ ಈ ವಿಷಯಕ್ಕೆ ಬಂದರೆ ಬಾಯಿ ನಿಲ್ಲುವುದಿಲ್ಲ, ಸಹಿಸಿಕೊಳ್ಳಿ.

ಎಡಿಸನ್‌ನದು ಕಿನೆಟೋಸ್ಕೋಪ್. ಎದೆಮಟ್ಟದ ಮರದ ಪೆಟ್ಟಿಗೆ, ಮೇಲೆ ಒಂದು ಕಿಂಡಿ. ಬಗ್ಗಿ ಕಣ್ಣಿಟ್ಟರೆ ಒಬ್ಬರಿಗೆ ಮಾತ್ರ ಕಾಣುತ್ತದೆ. ಒಳಗೆ ಸುಮಾರು 15 ಮೀಟರ್ ಫಿಲಂ, ತುದಿಗೆ ತುದಿ ಅಂಟಿಸಿ ಉರುಳೆಗಳ ಮೇಲೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸುತ್ತಿರುತ್ತದೆ. ಅದು ಎಲ್ಲೂ ನಿಲ್ಲುವುದಿಲ್ಲ, ಮೋಟಾರಿನಲ್ಲಿ ಒಂದೇ ಸಮ ಓಡುತ್ತಿರುತ್ತದೆ. ಸಣ್ಣ ಸೀಳಿರುವ ಒಂದು ಚಕ್ರ ತಿರುಗುತ್ತಾ ಚಿತ್ರವನ್ನು ಕ್ಷಣಕಾಲ ಮಾತ್ರ ತೋರಿಸುತ್ತದೆ. ಆ ಸೀಳಿನಿಂದ ಬರುವ ಬೆಳಕು ಒಂದು ಕಣ್ಣಿಗೆ ಸಾಕು, ಪರದೆಗೆ ಏನೇನೂ ಸಾಲದು. 1894ರ ಏಪ್ರಿಲ್ 14ಕ್ಕೆ ನ್ಯೂಯಾರ್ಕಿನಲ್ಲಿ ಇಂಥ ಹತ್ತು ಪೆಟ್ಟಿಗೆ ಇಟ್ಟು ಅಂಗಡಿ ತೆರೆದರು, ಐದು ಪೆಟ್ಟಿಗೆಗೆ 25 ಸೆಂಟ್.

ಪರದೆಗೆ ಬಿಡಬೇಕು ಅಂದರೆ ಪ್ರತಿ ಚಿತ್ರವೂ ಬೆಳಕಿನ ಮುಂದೆ ಬಂದು ಒಂದು ಗಳಿಗೆ ನಿಲ್ಲಬೇಕು, ಆಮೇಲೆ ಸರಿಯಬೇಕು. ಸರಿಯುವಾಗ ಕತ್ತಲೆ. ಲೂಯಿ ಲ್ಯೂಮಿಯೇರ್‌ಗೆ ಇದರ ದಾರಿ ಹೊಳೆದದ್ದು ಹೊಲಿಗೆ ಯಂತ್ರದಿಂದ. ಬಟ್ಟೆ ಸರಿಯುತ್ತದೆ, ನಿಲ್ಲುತ್ತದೆ, ಸೂಜಿ ಇಳಿಯುತ್ತದೆ, ಮತ್ತೆ ಸರಿಯುತ್ತದೆ ಅಲ್ವಾ? ಅದೇ ಲೆಕ್ಕ. ಎರಡು ಹಲ್ಲಿನ ಒಂದು ಕೊಕ್ಕೆ ಫಿಲಂನ ತೂತಿಗೆ ಹೊಕ್ಕು ಒಂದು ಚಿತ್ರದಷ್ಟು ಕೆಳಗೆಳೆದು, ಹಲ್ಲು ಹೊರತೆಗೆದು ಮೇಲಕ್ಕೆ ಹೋಗುತ್ತದೆ. ಸೆಕೆಂಡಿಗೆ ಸುಮಾರು 16 ಸಲ, ಕೈಯಲ್ಲಿ ಹಿಡಿ ತಿರುಗಿಸಿಕೊಂಡು. ಕರೆಂಟ್ ಬೇಡ. ಸುಮಾರು ಐದು ಕೆ.ಜಿ. ತೂಕ. ಅದೇ ಪೆಟ್ಟಿಗೆ ಕ್ಯಾಮೆರಾ, ಅದೇ ಪೆಟ್ಟಿಗೆಯಲ್ಲಿ ಪ್ರಿಂಟ್ ಹಾಕುವುದು, ಹಿಂದೆ ದೀಪ ಇಟ್ಟರೆ ಅದೇ ಪ್ರೊಜೆಕ್ಟರ್. ಎಡಿಸನ್ ಕ್ಯಾಮೆರಾವನ್ನು ಎತ್ತಿಕೊಂಡು ಬೀದಿಗೆ ಹೋಗುವ ಹಾಗೇ ಇರಲಿಲ್ಲ. ಅದಕ್ಕಾಗಿ ನ್ಯೂಜೆರ್ಸಿಯಲ್ಲಿ ಕಪ್ಪು ಟಾರುಕಾಗದ ಹೊದಿಸಿದ ಶೆಡ್ಡು ಕಟ್ಟಿ, ಸೂರ್ಯ ಸರಿದ ಹಾಗೆ ಶೆಡ್ಡನ್ನೇ ಹಳಿ ಮೇಲೆ ತಿರುಗಿಸುತ್ತಿದ್ದರು. ಜನ ಶೆಡ್ಡಿಗೆ ಬರಬೇಕಿತ್ತು. ಲ್ಯೂಮಿಯೇರ್ ಪೆಟ್ಟಿಗೆ ಜನರಿದ್ದಲ್ಲಿಗೆ ಹೋಯಿತು. ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ.

ಕಾಫಿಪುಡಿ:
ಲೆನ್ಸ್ ಅಣ್ಣ, ನಿಮಗೊಂದು ನಮಸ್ಕಾರ. ಕೊಕ್ಕೆಯ ವಿಷಯ ಈಗ ತಲೆಗೆ ಹೋಯಿತು.

ಬಾಲ್ಕನಿ ಟಿಕೆಟ್:
ಡಿಸೆಂಬರ್ 28ರ ಪ್ರದರ್ಶನದ ಬಗ್ಗೆ ನನಗೆ ಬಹಳ ಇಷ್ಟವಾದ ವಿಷಯ ಹೇಳುತ್ತೇನೆ. ಜಾಗ ಪ್ಯಾರಿಸ್‌ನ ಗ್ರಾಂ ಕೆಫೆಯ ನೆಲಮಾಳಿಗೆ, ಹೆಸರು ‘ಇಂಡಿಯನ್ ಸಲೂನ್’. ಟಿಕೆಟ್ ಒಂದು ಫ್ರಾಂಕ್. ಹತ್ತು ಚಿತ್ರ, ಒಂದೊಂದೂ ಒಂದು ನಿಮಿಷದ ಒಳಗೆ. ಮೊದಲ ದಿನ ದುಡ್ಡು ಕೊಟ್ಟು ಬಂದವರು 33 ಜನ. ಜಾಗದ ಮಾಲೀಕನಿಗೆ ಗಳಿಕೆಯಲ್ಲಿ ಶೇ. 20 ಕೊಡುತ್ತೇವೆ ಅಂದರೆ, ಇದೆಲ್ಲ ನಡೆಯುವ ವ್ಯಾಪಾರವಲ್ಲ, ದಿನಕ್ಕೆ 30 ಫ್ರಾಂಕ್ ಬಾಡಿಗೆ ಕೊಡಿ ಸಾಕು ಅಂದನಂತೆ. ಕೆಲವೇ ವಾರಕ್ಕೆ ಬಾಗಿಲಲ್ಲಿ ನೂಕುನುಗ್ಗಲು, ದಿನದ ಗಳಿಕೆ 2000 ಫ್ರಾಂಕ್ ದಾಟಿತು. ಶೇ. 20 ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ.

ಅಂದು ಪರದೆ ಮೇಲೆ ಬರುವ ರೈಲು ನೋಡಿ ಮೊದಲ ಸಾಲಿನ ಜನ ಎದ್ದು ಓಡಿದರು ಅನ್ನುತ್ತಾರಲ್ಲ, ಆ ರೈಲು ಅವತ್ತಿನ ಪಟ್ಟಿಯಲ್ಲೇ ಇರಲಿಲ್ಲ! ಲಾ ಸಿಯೊಟಾ ನಿಲ್ದಾಣದ ರೈಲು ಪ್ಯಾರಿಸ್ ಜನಕ್ಕೆ ಕಂಡದ್ದು 1896ರಲ್ಲಿ. ಓಡಿದರು ಅನ್ನುವುದಕ್ಕೂ ಆ ಕಾಲದ ಗಟ್ಟಿ ದಾಖಲೆ ಇಲ್ಲ. ಮೇಷ್ಟ್ರೇ, ಈ ಪ್ರಶ್ನೆ ಹಾಕಿದರೆ ಒಂದು ತಂಡವೂ ಸರಿ ಉತ್ತರ ಹೇಳುವುದಿಲ್ಲ, ಬರೆದಿಟ್ಟುಕೊಳ್ಳಿ.

ಕ್ವಿಜ್‌ಮೇಷ್ಟ್ರು:
ಬರೆದುಕೊಂಡೆ. ಹಳೇ ರೀಲು ಅವರೇ, ‘ಉಳಿದಿರುವುದರಲ್ಲಿ ಮೊದಲು’ ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ.

ಹಳೇ ರೀಲು:
ಅಲ್ಲಿಗೇ ಬರಬೇಕು ಅಂತ ಕಾಯುತ್ತಿದ್ದೆ.

ಎಡಿಸನ್ ಕಂಪನಿಯ ನೌಕರ ಫ್ರೆಡ್ ಆಟ್ ಸೀನುವ ಚಿತ್ರ ಕೇಳಿರಬಹುದು, 1894ರ ಜನವರಿ. ಐದು ಸೆಕೆಂಡು. ನಶ್ಯ ಏರಿಸುತ್ತಾನೆ, ಸೀನುತ್ತಾನೆ. ಅದಕ್ಕಿಂತ ಮುಂಚೆ ಅವರೇ ಬೇರೆ ಚಿತ್ರ ತೆಗೆದಿದ್ದಾರೆ, 1893ರಲ್ಲೇ ಕಾಪಿರೈಟ್ ಕೇಳಿ ನೋಂದಾಯಿಸಿದ್ದಾರೆ. ಆದರೆ ಕಾಪಿರೈಟ್ ದಾಖಲೆಯಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯದು ಈ ಸೀನು. ಯಾಕೆ ಉಳಿಯಿತು? ಅಮೆರಿಕದ ಕಾನೂನಿನಲ್ಲಿ 1912ರವರೆಗೆ ಸಿನಿಮಾ ಅನ್ನುವ ಪ್ರತ್ಯೇಕ ಬಾಬತ್ತೇ ಇರಲಿಲ್ಲ. ಫೋಟೋ ಅಂತ ನೋಂದಾಯಿಸಬೇಕಿತ್ತು. ಹಾಗಾಗಿ ಚಿತ್ರಗಳನ್ನೆಲ್ಲ ಕಾಗದದ ಮೇಲೆ ಪ್ರಿಂಟ್ ಹಾಕಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುತ್ತಿದ್ದರು. ಬೇಗ ಬೆಂಕಿ ಹತ್ತುವ ಆ ಕಾಲದ ನೈಟ್ರೇಟ್ ಫಿಲಂ ಉರಿದು ಹೋಯಿತು, ಪುಡಿಯಾಯಿತು, ಬೆಳ್ಳಿಗಾಗಿ ಕರಗಿಸಿದರು. ಯಾರಿಗೂ ಬೇಡವಾಗಿ ಗೋದಾಮಿನಲ್ಲಿ ಬಿದ್ದಿದ್ದ ಕಾಗದದ ಸುರುಳಿಗಳು ಉಳಿದವು. ಸುಮಾರು 3000 ಚಿತ್ರ ಹೀಗೆ ವಾಪಸ್ ಬಂದಿವೆ, 1950ರ ದಶಕದಿಂದ ಒಂದೊಂದು ಚೌಕವನ್ನೂ ಮತ್ತೆ ಫಿಲಂಗೆ ಇಳಿಸಿ. ಗುಮಾಸ್ತರ ನಿಯಮ ಕಾಪಾಡಿದ ಹಾಗೆ ಯಾವ ಕಲಾಪ್ರೇಮಿಯೂ ಸಿನಿಮಾವನ್ನು ಕಾಪಾಡಲಿಲ್ಲ.

ಅದಕ್ಕೇ ನಾನು ಹೇಳುವುದು, ‘ಮೊದಲ’ ಪಟ್ಟ ಮೊದಲು ಮಾಡಿದವನಿಗೆ ಸಿಗುವುದು ಕಡಿಮೆ. ಕಾಗದ ಇಟ್ಟುಕೊಂಡವನಿಗೆ, ಕೋರ್ಟಿಗೆ ಹೋಗಿ ಗೆದ್ದವನಿಗೆ, ರೀಲು ಸುಡದೆ ಉಳಿದವನಿಗೆ ಸಿಗುತ್ತದೆ. ಮೊದಲ ‘ಕಟ್ ಮಾಡಿ ಮಾಯ ಮಾಡುವ’ ಟ್ರಿಕ್ ಯಾರದು ಅಂದರೆ ಎಲ್ಲರೂ ಫ್ರಾನ್ಸಿನ ನಿರ್ದೇಶಕ ಮೆಲಿಯೆಸ್ ಅನ್ನುತ್ತಾರೆ. ಪ್ಯಾರಿಸ್ ಬೀದಿಯಲ್ಲಿ ಕ್ಯಾಮೆರಾ ಸಿಕ್ಕಿಹಾಕಿಕೊಂಡು ಬಸ್ಸು ಹೋಗಿ ಹೆಣದ ಗಾಡಿ ಬಂತು ಅಂತ ಅವನೇ ಹೇಳಿಕೊಂಡ ಕಥೆ. ಆದರೆ 1895ರ ಆಗಸ್ಟ್‌ನಲ್ಲೇ ಎಡಿಸನ್ ಕಂಪನಿಯವರು ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಕಡಿಯುವ ಚಿತ್ರದಲ್ಲಿ ಕ್ಯಾಮೆರಾ ನಿಲ್ಲಿಸಿ, ನಟನ ಜಾಗದಲ್ಲಿ ಬೊಂಬೆ ಇಟ್ಟು, ಮತ್ತೆ ತಿರುಗಿಸಿದ್ದಾರೆ. ಮೆಲಿಯೆಸ್ ಆಗಿನ್ನೂ ಕ್ಯಾಮೆರಾ ಮುಟ್ಟಿರಲಿಲ್ಲ. ಹಾಗಂತ ಅವನು ಸಣ್ಣವನಾಗುವುದಿಲ್ಲ, ಆ ಟ್ರಿಕ್ಕಿನಿಂದ ಒಂದು ಲೋಕವನ್ನೇ ಕಟ್ಟಿದವನು.

ನೆರಳು ಬೆಳಕು:
ಹೆಂಗಸರ ಹೆಸರು ಒಂದೂ ಬರಲಿಲ್ಲವಲ್ಲ ಇಷ್ಟು ಹೊತ್ತು? ಆಲಿಸ್ ಗೀ. ಫ್ರಾನ್ಸಿನ ಗೊಮೋಂ ಎಂಬ ಸಿನಿಮಾ ಕಂಪನಿಯಲ್ಲಿ ಸೆಕ್ರೆಟರಿ. ಕಚೇರಿ ಕೆಲಸ ಕೆಡಬಾರದು ಅನ್ನುವ ಷರತ್ತಿನ ಮೇಲೆ ಮಾಲೀಕರು ಚಿತ್ರ ತೆಗೆಯಲು ಬಿಟ್ಟರು. 1896ರಲ್ಲಿ ಎಲೆಕೋಸಿನಿಂದ ಮಗು ಎತ್ತಿ ಕೊಡುವ ಯಕ್ಷಿಣಿಯ ಚಿತ್ರ ತೆಗೆದೆ ಅಂತ ಆಕೆಯೇ ಬರೆದಿದ್ದಾಳೆ. ಈಗ ಉಳಿದಿರುವ ಪ್ರತಿ 1900ರದ್ದು ಅಂತ ಕೆಲವು ಇತಿಹಾಸಕಾರರು ತಕರಾರು ತೆಗೆಯುತ್ತಾರೆ. ಸರಿ, ಇರಲಿ. ಮೆಲಿಯೆಸ್ ತನ್ನ ಬಗ್ಗೆ ಹೇಳಿಕೊಂಡ ಬಸ್ಸಿನ ಕಥೆಯನ್ನು ನೂರು ವರ್ಷ ಪುಸ್ತಕದಲ್ಲಿ ಅಚ್ಚು ಹಾಕಿದವರು, ಆಲಿಸ್ ಹೇಳಿದ ವರ್ಷಕ್ಕೆ ಮಾತ್ರ ಪುರಾವೆ ಕೇಳುತ್ತಾರೆ, ಇದು ಯಾವ ನ್ಯಾಯ? ಆಕೆ ಮುಂದೆ ಅಮೆರಿಕದಲ್ಲಿ ಸೋಲಾಕ್ಸ್ ಅಂತ ಸ್ವಂತ ಕಂಪನಿ ಕಟ್ಟಿದಳು, 1910ರಲ್ಲಿ.

ಹಳೇ ರೀಲು:
ನ್ಯಾಯವಾದ ಮಾತು ಮೇಡಂ.

ಮಂಡ್ಯದ ಹೈದ:
ಪೂರ್ತಿ ಉದ್ದದ ಕಥಾಚಿತ್ರ ಯಾವುದು ಹಾಗಾದರೆ? ಹಾಲಿವುಡ್ಡೇ ಇರಬೇಕು.

ಬಾಲ್ಕನಿ ಟಿಕೆಟ್:
ಆಸ್ಟ್ರೇಲಿಯಾ! ನೆಡ್ ಕೆಲಿ ಅನ್ನುವ ದರೋಡೆಕೋರನ ತಂಡದ ಕಥೆ, 1906ರ ಡಿಸೆಂಬರ್ 26ಕ್ಕೆ ಮೆಲ್ಬರ್ನ್‌ನಲ್ಲಿ ತೆರೆಕಂಡಿತು. ಒಂದು ಗಂಟೆಗಿಂತ ಜಾಸ್ತಿ ಓಡುತ್ತಿತ್ತು. ಕಳ್ಳರನ್ನು ದೊಡ್ಡವರು ಮಾಡಿದ್ದೀರಿ ಅಂತ ಕೆಲಿಯ ಸೀಮೆಯ ಊರುಗಳಲ್ಲಿ ನಿಷೇಧವೂ ಆಯಿತು. ಈಗ ಉಳಿದಿರುವುದು ಸುಮಾರು 17 ನಿಮಿಷ, ಅದರಲ್ಲೂ ಒಂದಷ್ಟು ತುಣುಕು ಕೊಳೆತು ಗುಳ್ಳೆ ಎದ್ದಿದೆ. ನಟರ ಮುಖದ ಮೇಲೇ ಕಲೆ ಹರಿದಾಡುತ್ತದೆ, ಆದರೂ ನೋಡಬಹುದು. 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಕ್ವಿಜ್‌ಮೇಷ್ಟ್ರು:
ಭಾರತಕ್ಕೆ ಬನ್ನಿ ಈಗ. ಇಲ್ಲಾದರೂ ನೇರ ಉತ್ತರ ಇದೆಯಾ?

ಕಾಫಿಪುಡಿ:
ಮೊದಲ ಪ್ರದರ್ಶನಕ್ಕೆ ನೇರ ಉತ್ತರ ಇದೆ. 1896ರ ಜುಲೈ 7, ಬೊಂಬಾಯಿಯ ವಾಟ್ಸನ್ ಹೋಟೆಲ್, ಟಿಕೆಟ್ ಒಂದು ರೂಪಾಯಿ. ಲ್ಯೂಮಿಯೇರ್ ಕಡೆಯ ಮಾರಿಯಸ್ ಸೆಸ್ಟಿಯೇ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಇಳಿದು ತೋರಿಸಿದ್ದು. ಪ್ಯಾರಿಸ್ ಆಗಿ ಆರು ತಿಂಗಳಿಗೆ ಬೊಂಬಾಯಿ, ಲೆನ್ಸ್ ಅಣ್ಣ ಹೇಳಿದ ಐದು ಕೆ.ಜಿ. ಪೆಟ್ಟಿಗೆಯ ಮಹಿಮೆ. ವಾರಕ್ಕೆ ನಾವೆಲ್ಟಿ ಥಿಯೇಟರ್‌ಗೆ ಹೋಯಿತು, ಅಲ್ಲಿ ನಾಲ್ಕಾಣೆ ಟಿಕೆಟ್ಟೂ ಇತ್ತು. ಆಮೇಲೇ ಸಾಮಾನ್ಯ ಜನ ನೋಡಿದ್ದು. ಆ ಹೋಟೆಲ್ ಕಟ್ಟಡ ಕಾಲಾ ಘೋಡಾದಲ್ಲಿ ಇನ್ನೂ ನಿಂತಿದೆ, ಸ್ಥಿತಿ ಮಾತ್ರ ನೋಡುವ ಹಾಗಿಲ್ಲ.

ಲೆನ್ಸ್ ಅಣ್ಣ:
ಮೊದಲ ಕಥಾಚಿತ್ರಕ್ಕೆ ಬಂದರೆ ಜಗಳ ಶುರು. ತೋರಣೆಯವರ ಪುಂಡಲೀಕ 1912ರ ಮೇ 18. ಫಾಲ್ಕೆಯವರ ರಾಜಾ ಹರಿಶ್ಚಂದ್ರ 1913ರ ಮೇ 3. ಎರಡೂ ಬೊಂಬಾಯಿಯ ಕಾರೊನೇಷನ್ ಥಿಯೇಟರ್‌ನಲ್ಲೇ. ಪುಂಡಲೀಕ ಆಡುತ್ತಿದ್ದ ನಾಟಕವನ್ನೇ ಹಿಡಿದದ್ದು, ಕ್ಯಾಮೆರಾಮನ್ ಇಂಗ್ಲಿಷ್‌ನವನು, ಫಿಲಂ ತೊಳೆದದ್ದು ಲಂಡನ್‌ನಲ್ಲಿ ಅಂತ ಅದನ್ನು ಪಕ್ಕಕ್ಕೆ ಇಡುತ್ತಾರೆ.

ನಾನು ಫಾಲ್ಕೆ ಕಡೆ. ತಾರೀಖಿಗೆ ಅಲ್ಲ, ಕೆಲಸಕ್ಕೆ. ಲಂಡನ್‌ನಿಂದ ವಿಲಿಯಮ್ಸನ್ ಕ್ಯಾಮೆರಾ ತಂದರು. ಆಗ ಫಿಲಂ ಅಂಚಿಗೆ ತೂತು ಇಲ್ಲದೆ ಬರುತ್ತಿತ್ತು. ಆ ತೂತುಗಳನ್ನು ಹೊಡೆದವರು ಹೆಂಡತಿ ಸರಸ್ವತಿಬಾಯಿ. ರಾತ್ರಿ ಮನೆಮಂದಿಗೆಲ್ಲ ಬಡಿಸಿ ಆದ ಮೇಲೆ ಕತ್ತಲೆಯಲ್ಲಿ ಕೂತು, ಬೆಳಕು ಬಿದ್ದರೆ ಫಿಲಂ ಹಾಳು ಅಂತ ಕೈಯ ಅಂದಾಜಿನಲ್ಲೇ. ಒಂದು ತೂತು ಆಚೀಚೆಯಾದರೂ ಪರದೆ ಮೇಲೆ ಚಿತ್ರ ಕುಣಿಯುತ್ತದೆ. ನಾನು ಹರಿದ ತೂತಿನ ರೀಲುಗಳ ಜೊತೆ ಒದ್ದಾಡಿದವನು, ಅದರ ಕಷ್ಟ ಗೊತ್ತು. ಸಾಲ ಕೊಡುವವರನ್ನು ನಂಬಿಸಲು ಕುಂಡದಲ್ಲಿ ಬಟಾಣಿ ಬೀಜ ಹಾಕಿ, ಅದು ಮೊಳೆತು ಗಿಡವಾಗುವವರೆಗೆ ದಿನಾ ಸ್ವಲ್ಪ ಸ್ವಲ್ಪ ತೆಗೆದು ಚಿತ್ರ ಮಾಡಿ ತೋರಿಸಿದರು.

ನೆರಳು ಬೆಳಕು:
ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗದೆ ಸಾಳುಂಕೆ ಎಂಬ ಹೋಟೆಲ್ ಅಡುಗೆಯವನಿಗೆ ಸೀರೆ ಉಡಿಸಿದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಫಾಲ್ಕೆಯವರ ಮೋಹಿನಿ ಭಸ್ಮಾಸುರದಲ್ಲಿ ದುರ್ಗಾಬಾಯಿ ಕಾಮತ್, ಅವರ ಮಗಳು ಕಮಲಾಬಾಯಿ ನಟಿಸಿದರು, ಅದನ್ನೂ ಪ್ರಶ್ನೆಪಟ್ಟಿಗೆ ಹಾಕಿ ಮೇಷ್ಟ್ರೇ. ಅಂದಹಾಗೆ ಎಡಿಸನ್‌ನವರ ರಾಣಿ ಮೇರಿಯೂ ಗಂಡಸೇ, ಕಂಪನಿಯ ಸೆಕ್ರೆಟರಿಗೆ ಗೌನು ಹಾಕಿಸಿದ್ದು. ನಮ್ಮವರನ್ನು ಮಾತ್ರ ನೋಡಿ ನಗಬೇಡಿ.

ಹಳೇ ರೀಲು:
ಹರಿಶ್ಚಂದ್ರ ಅಂತ ಈಗ ತೋರಿಸುವ ರೀಲುಗಳು 1913ರದ್ದೋ, ಫಾಲ್ಕೆ 1917ರಲ್ಲಿ ಮತ್ತೆ ತೆಗೆದದ್ದೋ ಅನ್ನುವ ವಾದವೂ ಇದೆ. 1931ರ ಮಾರ್ಚ್ 14ರ ಆಲಂ ಆರಾ, ನಮ್ಮ ಮೊದಲ ಮಾತಿನ ಚಿತ್ರ, ಒಂದು ಪ್ರತಿಯೂ ಇಲ್ಲ.

ಮಂಡ್ಯದ ಹೈದ:
ಕನ್ನಡದ್ದು ಸತಿ ಸುಲೋಚನ, 1934ರ ಮಾರ್ಚ್ 3, ಇದನ್ನು ಮಾತ್ರ ಯಾರೂ ಮುಟ್ಟಬೇಡಿ!

ಕಾಫಿಪುಡಿ:
ಮುಟ್ಟದೇ ಇರುವುದು ಹೇಗೆ ಹೈದ? ಮೊದಲು ಚಿತ್ರೀಕರಣ ಶುರುವಾದದ್ದು ಭಕ್ತ ಧ್ರುವ, ಮೊದಲು ತೆರೆಗೆ ಬಂದದ್ದು ಸತಿ ಸುಲೋಚನ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಚಿತ್ರೀಕರಣ ಕೊಲ್ಹಾಪುರದಲ್ಲಿ, ಬಿಡುಗಡೆ ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ. ಇದರ ಪ್ರತಿಯೂ ಇಲ್ಲ.

ಮಂಡ್ಯದ ಹೈದ:
ನಿಮ್ಮ ಕಾಟ ತಡೆಯಲಾರೆ.

ಕ್ವಿಜ್‌ಮೇಷ್ಟ್ರು:
ಮಾತಿಲ್ಲದ ಕಾಲದಲ್ಲಿ ನಮ್ಮವರು ಯಾರಾದರೂ ಇದ್ದರಾ? ಒಂದು ಬೋನಸ್ ಪ್ರಶ್ನೆ ಬೇಕು.

ನೆರಳು ಬೆಳಕು:
ಇದ್ದರು. ಮೃಚ್ಛಕಟಿಕ ನಾಟಕದ ಕಥೆಯನ್ನು ಮೋಹನ್ ಭವನಾನಿ ಮೂಕಿಯಾಗಿ ತೆಗೆದರು, ವಸಂತಸೇನೆ. ಅದರಲ್ಲಿ ಟಿ.ಪಿ. ಕೈಲಾಸಂ ಇದ್ದಾರೆ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದಾರೆ. ಕೈಲಾಸಂ ಹೆಸರು ಕೇಳಿದರೆ ಹಿರಿಯರ ತಂಡ ಬಜರ್ ಒತ್ತಿಬಿಡುತ್ತದೆ, ಅದಕ್ಕೆ ಕಮಲಾದೇವಿಯವರನ್ನು ಕೇಳಿ. ಕೈಮಗ್ಗ, ಕರಕುಶಲ, ಸ್ವಾತಂತ್ರ್ಯ ಹೋರಾಟ ಅಂತ ಎಲ್ಲ ಸುಳಿವು ಕೊಟ್ಟು, ಕೊನೆಯಲ್ಲಿ ‘ಮೂಕಿ ಚಿತ್ರದಲ್ಲೂ ನಟಿಸಿದ್ದರು’ ಅನ್ನಿ. ಅಷ್ಟು ಹೊತ್ತಿಗೂ ಯಾರೂ ಒತ್ತದಿದ್ದರೆ ಆಶ್ಚರ್ಯವೇನಿಲ್ಲ.